ಹಲ್ಲಿನ ಶಿಬಿರ ಬೇಡ ಮೇಷ್ಟ್ರೇ, ವರ್ಷಪೂರ್ತಿ ನಡೆಯುವ ಕುರ್ಚಿ ಕೇಳಿ

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನಮ್ಮದು ಬಯಲುಸೀಮೆಯ ಒಂದು ತಾಲ್ಲೂಕು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ದಂತ ವಿಭಾಗ ಇದೆ, ಡಾಕ್ಟರೂ ಇದ್ದಾರೆ. ಆದರೆ ಹಲ್ಲು ನೋವು ಅಂತ ಹೋದವರಿಗೆ ಮಾತ್ರೆ ಕೊಡುತ್ತಾರೆ, ಇಲ್ಲವೇ ಹಲ್ಲು ಕೀಳುತ್ತಾರೆ. ತುಂಬಿಸುವುದು, ರೂಟ್ ಕೆನಾಲ್ ಏನಿದ್ದರೂ ಪ್ರೈವೇಟ್ ಕ್ಲಿನಿಕ್‌ಗೇ ಹೋಗಬೇಕು. ಆಯುಷ್ಮಾನ್ ಕಾರ್ಡ್ ತೋರಿಸಿದರೆ ‘ಹಲ್ಲಿಗೆ ಬರಲ್ಲ’ ಅನ್ನುತ್ತಾರೆ. ನಾವು ಒಂದಷ್ಟು ಜನ ಸೇರಿ ಸಚಿವರಿಗೆ ಮನವಿ ಕೊಟ್ಟು, ದೊಡ್ಡ ಉಚಿತ ದಂತ ಶಿಬಿರ ಮಾಡಿಸಿ ಎಂದು ಕೇಳಬೇಕು ಅಂದುಕೊಂಡಿದ್ದೇವೆ. ಮನವಿ ಹೇಗಿರಬೇಕು? ಹಾಗೆಯೇ, ವಯಸ್ಸಾದವರಿಗೆ ಸರ್ಕಾರವೇ ಹಲ್ಲಿನ ಸೆಟ್ ಹಾಕಿಸಿಕೊಡುತ್ತದಂತೆ, ನಿಜವೇ?

ಉತ್ತರ: ಮೇಷ್ಟ್ರೇ, ಮನವಿಯ ಭಾಷೆ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಅದರಲ್ಲಿ ಏನು ಕೇಳುತ್ತೀರಿ ಅನ್ನುವುದನ್ನು ಮಾತ್ರ ಸ್ವಲ್ಪ ಬದಲಾಯಿಸೋಣ. ಶಿಬಿರ ಕೇಳಬೇಡಿ. ಕೇಳಿದರೆ ಕೊಟ್ಟೇ ಕೊಡುತ್ತಾರೆ, ತೊಂದರೆ ಇರುವುದೇ ಅಲ್ಲಿ.

ಶಿಬಿರ ಕೊಡುವುದು ಸುಲಭ. ಶಾಮಿಯಾನ, ಬ್ಯಾನರ್, ದೀಪ ಬೆಳಗುವುದು, ಯಾವುದೋ ಡೆಂಟಲ್ ಕಾಲೇಜಿನ ಬಸ್ಸಿನಲ್ಲಿ ಬಂದ ಹುಡುಗ ಹುಡುಗಿಯರು. ಟಾರ್ಚ್ ಹಾಕಿ ಬಾಯಿ ನೋಡುತ್ತಾರೆ, ಚೀಟಿ ಬರೆಯುತ್ತಾರೆ, ಒಂದು ಪೇಸ್ಟ್ ಕೊಟ್ಟು ಕಳಿಸುತ್ತಾರೆ. ಚೀಟಿಯಲ್ಲಿ ‘ಬಲಗಡೆ ಕೆಳಗಿನ ದವಡೆ ಹಲ್ಲು ತುಂಬಿಸಬೇಕು’ ಅಂತ ಇರುತ್ತದೆ. ಎಲ್ಲಿ ತುಂಬಿಸಬೇಕು? ಮತ್ತೆ ಅದೇ ತಾಲ್ಲೂಕು ಆಸ್ಪತ್ರೆಗೆ ಬರಬೇಕು, ಅಲ್ಲಿ ಅದೇ ಮಾತ್ರೆ. ಹಲ್ಲಿನ ಕೆಲಸ ಒಂದೇ ದಿನದಲ್ಲಿ ಮುಗಿಯುವಂಥದ್ದಲ್ಲ. ರೂಟ್ ಕೆನಾಲ್‌ಗೆ ಸಾಮಾನ್ಯವಾಗಿ ಎರಡು ಮೂರು ಸಲ ಕೂರಬೇಕು. ಹಲ್ಲಿನ ಸೆಟ್‌ಗೆ ಅಳತೆ ತೆಗೆಯುವುದರಿಂದ ಹಿಡಿದು ಬಾಯಲ್ಲಿ ಕೂರಿಸುವವರೆಗೆ ನಾಲ್ಕೈದು ಸಲ ಬರಬೇಕು. ಶಿಬಿರ ಸಂಜೆ ನಾಲ್ಕಕ್ಕೆ ಎದ್ದುಹೋಗುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆ ದಿನ ಬಾಯಿ ತೆರೆದು ತೋರಿಸಿದವರೆಲ್ಲ ವರದಿಯಲ್ಲಿ ‘ಸೌಲಭ್ಯ ಪಡೆದವರು’ ಆಗಿಬಿಡುತ್ತಾರೆ. ಮುಂದಿನ ವರ್ಷ ನೀವು ಹೋಗಿ ಕೇಳಿದರೆ, ನಿಮ್ಮ ತಾಲ್ಲೂಕಿಗೆ ಕೊಟ್ಟಾಗಿದೆಯಲ್ಲ ಅನ್ನುತ್ತಾರೆ.

ಶಿಬಿರದಿಂದ ಏನೂ ಉಪಯೋಗವಿಲ್ಲ ಅಂತಲ್ಲ. ಬಾಯಿ ಕ್ಯಾನ್ಸರ್‌ನ ಮೊದಲ ಗುರುತು ಹಿಡಿಯುವುದಕ್ಕೆ ಅದು ಒಳ್ಳೆಯದು. ಆರದೇ ಉಳಿದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು ಒಂದು ನೋಟಕ್ಕೆ ಸಿಗುತ್ತವೆ. ನಮ್ಮ ದೇಶದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಬಾಯಿಯದೇ. ಆದರೆ ಈ ತಪಾಸಣೆ 30 ದಾಟಿದ ಎಲ್ಲರಿಗೂ ಊರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲೇ ಆಗಬೇಕು ಅಂತ ಈಗಾಗಲೇ ನಿಯಮ ಇದೆ. ಅದಕ್ಕೂ ಶಾಮಿಯಾನ ಬೇಕಾಗಿಲ್ಲ.

ಈಗ ಕಾರ್ಡಿನ ವಿಷಯ. ಹೆಚ್ಚಿನವರಿಗೆ ಇರುವ ಗೊಂದಲ ಇದು. ಆಯುಷ್ಮಾನ್ ಭಾರತ್ 2018ರಲ್ಲಿ ಬಂತು, ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ನಮ್ಮಲ್ಲಿ ಅದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಆದರೆ ಅದು ಅಡ್ಮಿಟ್ ಆಗುವ ಕಾಯಿಲೆಗೆ ಮಾಡಿದ ಯೋಜನೆ. ಹೊರರೋಗಿಯಾಗಿ ಬಂದು ಹೋಗುವ ಚಿಕಿತ್ಸೆ ಅದರಲ್ಲಿ ಇಲ್ಲ. ಹಲ್ಲಿನ ಕೆಲಸದಲ್ಲಿ ನೂರಕ್ಕೆ ತೊಂಬತ್ತು ಪಾಲು ಹೊರರೋಗಿ ಚಿಕಿತ್ಸೆಯೇ ಅಲ್ವಾ? ಯಾರು ಹಲ್ಲು ತುಂಬಿಸಿಕೊಳ್ಳಲು ಅಡ್ಮಿಟ್ ಆಗುತ್ತಾರೆ? ಹಾಗಾಗಿ ಹುಳುಕು ಸಣ್ಣದಿದ್ದಾಗ ಕಾರ್ಡು ಬರುವುದಿಲ್ಲ. ಅದೇ ಹುಳುಕು ಬೇರಿಗೆ ಇಳಿದು, ಕೀವಾಗಿ, ದವಡೆ ಕೆಳಗೆ ಊತ ಬಂದು, ಉಸಿರಾಡುವುದೇ ಕಷ್ಟವಾಗಿ ಜಿಲ್ಲಾಸ್ಪತ್ರೆಗೆ ಸೇರಿದರೆ ಆಗ ಯೋಜನೆಯ ಬಾಗಿಲು ತೆರೆಯುತ್ತದೆ. ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ದುಡ್ಡಿಲ್ಲ, ಐಸಿಯುಗೆ ಇದೆ.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. 2007ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 12 ವರ್ಷದ ಒಬ್ಬ ಹುಡುಗ ಹಲ್ಲಿನ ಕೀವು ಮಿದುಳಿಗೆ ಏರಿ ತೀರಿಕೊಂಡ. ಬಡ ಕುಟುಂಬ, ಸರ್ಕಾರಿ ವಿಮೆಯೂ ಕೈತಪ್ಪಿತ್ತು. ಆ ಹಲ್ಲು ಕೀಳಲು ಆಗುತ್ತಿದ್ದ ಖರ್ಚು ಸುಮಾರು 80 ಡಾಲರ್. ಆಸ್ಪತ್ರೆಯಲ್ಲಿ ಅವನನ್ನು ಉಳಿಸಲು ಹೋಗಿ ಆದ ಖರ್ಚು ಸುಮಾರು ಎರಡೂವರೆ ಲಕ್ಷ ಡಾಲರ್. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ನಾನು ಈ ಪ್ರಕರಣವನ್ನು ಎತ್ತಿದ್ದು ಅಳಿಸುವುದಕ್ಕಲ್ಲ, ಆಮೇಲೆ ನಡೆದದ್ದನ್ನು ಹೇಳುವುದಕ್ಕೆ. ಅಲ್ಲಿಯ ರಾಜ್ಯ ಒಂದು ಸಮಿತಿ ಮಾಡಿತು. ಸಮಿತಿಯವರು ‘ಬಡ ಮಕ್ಕಳ ಹಲ್ಲು ಉಳಿಸಿ’ ಎಂಬ ಘೋಷಣೆ ಕೊಟ್ಟು ಸುಮ್ಮನಾಗಲಿಲ್ಲ. ಬಡವರ ವಿಮೆಯಲ್ಲಿ ದಂತ ವೈದ್ಯರಿಗೆ ಕೊಡುವ ದರ ಜಾಸ್ತಿ ಮಾಡಿ ಅಂದರು, ಏಕೆಂದರೆ ದರ ಕಡಿಮೆ ಇದ್ದದ್ದಕ್ಕೇ ಡಾಕ್ಟರುಗಳು ಆ ಮಕ್ಕಳನ್ನು ಮುಟ್ಟುತ್ತಿರಲಿಲ್ಲ. ಶಾಲೆಗಳಲ್ಲಿ ಹಲ್ಲು ಸ್ವಚ್ಛ ಮಾಡುವ ಹೈಜೀನಿಸ್ಟ್‌ಗಳಿಗೆ ಪಕ್ಕದಲ್ಲಿ ಡಾಕ್ಟರ್ ಇಲ್ಲದೆಯೂ ಕೆಲಸ ಮಾಡಲು ಬಿಡಿ ಅಂದರು. ಹೀಗೆ ಒಂದೊಂದೂ ಕಡತದಲ್ಲಿ ಬರೆಯಬಹುದಾದ, ಸಹಿ ಹಾಕಬಹುದಾದ ಬೇಡಿಕೆ. 2009ರಲ್ಲಿ ಅಲ್ಲಿಯ ಕೇಂದ್ರ ಕಾನೂನೇ ಬದಲಾಗಿ, ಮಕ್ಕಳ ಸರ್ಕಾರಿ ವಿಮೆಯಲ್ಲಿ ಹಲ್ಲಿನ ಚಿಕಿತ್ಸೆ ಕಡ್ಡಾಯವಾಯಿತು. ಜನರ ಮನಸ್ಸು ಕರಗಿದ್ದು ಹುಡುಗನ ಸಾವಿಗೆ, ದುಡ್ಡು ಬಂದದ್ದು ಆ ಬೇಡಿಕೆಗಳಿಂದ.

ನಿಮ್ಮ ಕೆಲಸ ಅದಕ್ಕಿಂತ ಸುಲಭ, ಯಾಕೆಂದರೆ ನೀವು ಹೊಸದೇನನ್ನೂ ಕೇಳಬೇಕಾಗಿಲ್ಲ. ಕಾಗದದ ಮೇಲೆ ಸರ್ಕಾರ ಇದನ್ನೆಲ್ಲ ಯಾವಾಗಲೋ ಒಪ್ಪಿಕೊಂಡಿದೆ. ಸರ್ಕಾರಿ ಆಸ್ಪತ್ರೆ ಹೇಗಿರಬೇಕು ಎಂದು ಹೇಳುವ ಐಪಿಹೆಚ್‌ಎಸ್ ಎಂಬ ಮಾನದಂಡ ಇದೆ. 2007ರಲ್ಲಿ ಬಂದು 2012ರಲ್ಲೂ 2022ರಲ್ಲೂ ಪರಿಷ್ಕರಣೆ ಆದದ್ದು. 2012ರ ಮಾನದಂಡದಲ್ಲೇ ತಾಲ್ಲೂಕು ಆಸ್ಪತ್ರೆಗಿಂತ ಚಿಕ್ಕದಾದ ಸಮುದಾಯ ಆರೋಗ್ಯ ಕೇಂದ್ರದಲ್ಲೂ ಒಬ್ಬ ದಂತ ವೈದ್ಯ ಇರಬೇಕು ಅಂತ ಇದೆ. 2014-15ರಲ್ಲಿ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಜಿಲ್ಲಾಸ್ಪತ್ರೆ ಮತ್ತು ಅದಕ್ಕಿಂತ ಕೆಳಗಿನ ಆಸ್ಪತ್ರೆಗಳ ದಂತ ವಿಭಾಗಕ್ಕೆ ಕುರ್ಚಿ, ಉಪಕರಣ, ಸಾಮಗ್ರಿ, ಗುತ್ತಿಗೆ ಸಿಬ್ಬಂದಿಗೆ ಹಣ ಕೊಡುವುದೇ ಅದರ ಕೆಲಸ. ಆರೋಗ್ಯ ಮಂದಿರಗಳು ಕೊಡಬೇಕಾದ 12 ಬಗೆಯ ಸೇವೆಯಲ್ಲಿ ಬಾಯಿಯ ಆರೋಗ್ಯವೂ ಒಂದು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರುತ್ತದಲ್ಲ, ಅವರ ಪಟ್ಟಿಯಲ್ಲೂ ಹಲ್ಲಿನ ತೊಂದರೆ ಇದೆ. ನೀವು ಶಾಲೆಯಲ್ಲಿದ್ದಾಗ ಅವರನ್ನು ನೋಡಿರುತ್ತೀರಿ. ಮಕ್ಕಳ ಹುಳುಕು ಹಲ್ಲನ್ನು ಬರೆದುಕೊಂಡು ಹೋಗುತ್ತಾರೆ, ಆ ಮಕ್ಕಳು ಎಲ್ಲಿಗೆ ಹೋಗಬೇಕು ಅನ್ನುವಲ್ಲಿ ದಾರಿ ಕಡಿದುಹೋಗುತ್ತದೆ.

ಹಾಗಾದರೆ ಡಾಕ್ಟರೂ ಇದ್ದು, ಕುರ್ಚಿಯೂ ಇದ್ದು, ಮಾತ್ರೆ ಯಾಕೆ? ಇದು ಸ್ವಲ್ಪ ವಿವರವಾಗಿ ಹೇಳಬೇಕಾದ ವಿಷಯ. ನಿಮ್ಮ ಮನವಿಯ ಜೀವ ಇರುವುದೇ ಇಲ್ಲಿ.

ಹಲ್ಲು ಕೀಳಲು ಬೇಕಾದದ್ದು ಕಡಿಮೆ. ಮರಗಟ್ಟಿಸುವ ಇಂಜೆಕ್ಷನ್, ಇಕ್ಕಳ, ಹತ್ತಿ, ಸ್ಟೆರಿಲೈಸ್ ಮಾಡಲು ಆಟೋಕ್ಲೇವ್. ಕರೆಂಟ್ ಹೋದರೂ ನಡೆಯುತ್ತದೆ. ಹಲ್ಲು ತುಂಬಿಸಬೇಕಾದರೆ ಹುಳುಕನ್ನು ಕೊರೆಯುವ ಹ್ಯಾಂಡ್‌ಪೀಸ್ ಬೇಕು. ಅದು ತಿರುಗಲು ಗಾಳಿಯ ಕಂಪ್ರೆಸರ್ ಬೇಕು, ಕುರ್ಚಿಗೆ ನೀರು ಬರಬೇಕು, ಎಂಜಲು ಎಳೆಯುವ ಸಕ್ಷನ್ ನಡೆಯಬೇಕು. ತುದಿಗೆ ಹಾಕುವ ಬರ್ ಸವೆಯುತ್ತಲೇ ಇರುತ್ತದೆ, ಬದಲಾಯಿಸುತ್ತಲೇ ಇರಬೇಕು. ತುಂಬಲು ಸಿಮೆಂಟ್ ಬೇಕು, ಅದಕ್ಕೆ ಅವಧಿ ಮುಗಿಯುವ ದಿನಾಂಕ ಇರುತ್ತದೆ. ರೂಟ್ ಕೆನಾಲ್ ಆದರೆ ಹಲ್ಲಿನ ಬೇರಿನೊಳಗೆ ಉಜ್ಜಿ ಸ್ವಚ್ಛ ಮಾಡುವ ಸಣ್ಣ ಸಣ್ಣ ಫೈಲುಗಳು, ಎಕ್ಸ್‌ರೇ. ಮತ್ತೆ ಎರಡು ಕೈ ಸಾಲುವುದಿಲ್ಲ, ಪಕ್ಕದಲ್ಲಿ ಒಬ್ಬ ಸಹಾಯಕರು ಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಡಾಕ್ಟರ್ ಕೈಯಲ್ಲಿ ಉಳಿಯುವುದು ಇಕ್ಕಳ ಮಾತ್ರ. ಕಂಪ್ರೆಸರ್‌ನ ಒಂದು ವಾಲ್ವ್ ಹೋಗಿ ತಿಂಗಳುಗಟ್ಟಲೆ ಮುಚ್ಚಿದ ದಂತ ವಿಭಾಗಗಳನ್ನು ನಾನು ನೋಡಿದ್ದೇನೆ. ಲಕ್ಷಾಂತರ ರೂಪಾಯಿಯ ಕುರ್ಚಿ ಕೊಂಡಿರುತ್ತಾರೆ, ಅದನ್ನು ನೋಡಿಕೊಳ್ಳಲು ವಾರ್ಷಿಕ ನಿರ್ವಹಣೆ ಒಪ್ಪಂದ ಮಾಡಿಕೊಂಡಿರುವುದಿಲ್ಲ. ಕುರ್ಚಿ ಕೊಳ್ಳುವ ದುಡ್ಡು ಒಂದು ಲೆಕ್ಕದಿಂದ ಬರುತ್ತದೆ, ರಿಪೇರಿ ದುಡ್ಡು ಇನ್ನೊಂದು ಲೆಕ್ಕದಿಂದ ಬರಬೇಕು. ಆ ಇನ್ನೊಂದು ಲೆಕ್ಕದಲ್ಲಿ ಹಲ್ಲು ಅನ್ನುವ ಹೆಸರೇ ಇರುವುದಿಲ್ಲ.

ಇನ್ನು ಡಾಕ್ಟರ್. ನಮ್ಮ ರಾಜ್ಯದಲ್ಲಿ ಅವರ ಹುದ್ದೆಯ ಹೆಸರು ದಂತ ಆರೋಗ್ಯಾಧಿಕಾರಿ. ಅವರನ್ನು ಸಭೆ, ತರಬೇತಿ, ಲಸಿಕೆ ಅಭಿಯಾನ, ಬೇರೆ ಆಸ್ಪತ್ರೆಗೆ ನಿಯೋಜನೆ ಅಂತ ಎಳೆದಾಡುವುದು ಮಾಮೂಲಿ. ಜನರಿಗೆ ಕಾಣುವುದು ಅವರೊಬ್ಬರೇ, ಹಾಗಾಗಿ ಸಿಟ್ಟೂ ಅವರ ಮೇಲೆಯೇ. ದಯವಿಟ್ಟು ನಿಮ್ಮ ಮನವಿಯಲ್ಲಿ ಅವರ ಮೇಲೆ ದೂರು ಬರೆಯಬೇಡಿ. ಬದಲಿಗೆ ಒಂದು ದಿನ ಓಪಿಡಿ ಮುಗಿದ ಮೇಲೆ ಹೋಗಿ ಕುಳಿತು, ಏನೇನಿದ್ದರೆ ಇಲ್ಲಿ ಹಲ್ಲು ತುಂಬಿಸಬಹುದು ಸಾರ್, ಅಂತ ಕೇಳಿ. ಪಟ್ಟಿ ಅವರ ಬಾಯಲ್ಲೇ ಇರುತ್ತದೆ, ಇಂಡೆಂಟ್ (ಸಾಮಗ್ರಿ ಕೊಡಿ ಅಂತ ಮೇಲಿನವರಿಗೆ ಕಳಿಸುವ ಬೇಡಿಕೆ ಪಟ್ಟಿ) ಹಾಕಿ ಹಾಕಿ ಸಾಕಾಗಿರುತ್ತದೆ. ಆ ಪಟ್ಟಿ ತೆಗೆದುಕೊಳ್ಳಿ, ಅವರ ಹೆಸರನ್ನು ಮಾತ್ರ ಎಲ್ಲೂ ಹಾಕಬೇಡಿ. ನಾಳೆ ಅವರಿಗೆ ನೋಟಿಸ್ ಬಂದರೆ ನಿಮಗೂ ಒಳಗಿನವರು ಯಾರೂ ಇಲ್ಲದಂತಾಗುತ್ತದೆ.

ಮುಂದಿನ ಹೆಜ್ಜೆ ಆರ್‌ಟಿಐ ಅರ್ಜಿ. ಮನವಿಗಿಂತ ಮೊದಲು ಇದು. ತಾಲ್ಲೂಕು ಆಸ್ಪತ್ರೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ, 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿನವರು ಹಾಕಿದರೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ಮೀರಬಾರದು. ಈ ಒಂದೇ ಕಾರಣಕ್ಕೆ ಎಷ್ಟೋ ಅರ್ಜಿ ವಾಪಸ್ ಬರುತ್ತವೆ, ಹಾಗಾಗಿ ಎರಡು ಮೂರಾಗಿ ಒಡೆದು ಹಾಕಿ. ಒಂದರಲ್ಲಿ ಕಳೆದ ಮೂರು ವರ್ಷದ ದಂತ ವಿಭಾಗದ ತಿಂಗಳವಾರು ಲೆಕ್ಕ ಕೇಳಿ. ಎಷ್ಟು ಜನ ಬಂದರು, ಎಷ್ಟು ಹಲ್ಲು ಕಿತ್ತರು, ಎಷ್ಟು ತುಂಬಿದರು, ಎಷ್ಟು ಜನರನ್ನು ಬೇರೆಡೆ ಕಳಿಸಿದರು. ಇನ್ನೊಂದರಲ್ಲಿ ಉಪಕರಣ ಯಾವಾಗ ಬಂತು, ಎಷ್ಟು ದಿನ ಕೆಟ್ಟಿತ್ತು, ನಿರ್ವಹಣೆ ಒಪ್ಪಂದ ಇದೆಯೇ ಅಂತ. ಮತ್ತೊಂದರಲ್ಲಿ ದಂತ ಸಾಮಗ್ರಿಗೆ ಹಾಕಿದ ಇಂಡೆಂಟ್, ಬಂದ ಸರಬರಾಜು, ಬಾಯಿ ಆರೋಗ್ಯ ಕಾರ್ಯಕ್ರಮದಲ್ಲಿ ಬಂದ ಹಣ, ಖರ್ಚಾದ ಹಣ. ‘ಯಾಕೆ ತುಂಬುತ್ತಿಲ್ಲ’ ಅಂತ ಮಾತ್ರ ಕೇಳಬೇಡಿ. ಆರ್‌ಟಿಐನಲ್ಲಿ ದಾಖಲೆ ಸಿಗುತ್ತದೆ, ಸಮಜಾಯಿಷಿ ಸಿಗುವುದಿಲ್ಲ.

ಈ ಲೆಕ್ಕ ಕೈಗೆ ಬಂದಾಗ ಒಂದು ವಿಷಯ ನೋಡಿ. ಕಿತ್ತ ಹಲ್ಲು ಎಷ್ಟು, ತುಂಬಿದ ಹಲ್ಲು ಎಷ್ಟು? ನನ್ನ ಮಟ್ಟಿಗೆ ಒಂದು ದಂತ ವಿಭಾಗದ ಆರೋಗ್ಯ ಹೇಳಲು ಈ ಎರಡು ಅಂಕಿ ಸಾಕು. ನೂರು ಕಿತ್ತು ಮೂರೋ ನಾಲ್ಕೋ ತುಂಬಿದ್ದರೆ ಅಲ್ಲಿ ಏನೋ ಮುರಿದಿದೆ ಅಂತಲೇ ಅರ್ಥ. ಇದು ಶಾಸಕರಿಗೂ ಅರ್ಥವಾಗುತ್ತದೆ, ವರದಿಗಾರರಿಗೂ ಅರ್ಥವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಕಾಯಿಲೆ ಇದೆ ಅಂತ ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ನಮ್ಮ ಆಸ್ಪತ್ರೆಯ ರಿಜಿಸ್ಟರ್‌ನಲ್ಲಿರುವ ಅಂಕಿ ಹೇಳಿದರೆ ಪೆನ್ನು ತೆಗೆಯುತ್ತಾರೆ.

ಈಗ ಯಾರ ಬಾಗಿಲು ತಟ್ಟಬೇಕು? ಸಚಿವರದ್ದಲ್ಲ, ಕನಿಷ್ಠ ಮೊದಲಿಗಲ್ಲ. ಸಚಿವರಿಗೆ ಕೊಟ್ಟ ಮನವಿ ‘ಸೂಕ್ತ ಕ್ರಮಕ್ಕಾಗಿ’ ಎಂಬ ಷರಾ ಹೊತ್ತು ಒಂದೊಂದೇ ಮೆಟ್ಟಿಲು ಇಳಿದು, ಕೊನೆಗೆ ನಿಮ್ಮ ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿ ಮೇಜಿಗೇ ಬಂದು ಕೂರುತ್ತದೆ. ಅಲ್ಲಿಂದಲೇ ಶುರು ಮಾಡಿ. ತಾಲ್ಲೂಕು ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಅಂತ ಒಂದಿದೆ, ಶಾಸಕರು ಅದರ ಅಧ್ಯಕ್ಷರು. ಅದರ ಕೈಯಲ್ಲಿ ಸಣ್ಣಪುಟ್ಟ ರಿಪೇರಿ ಮಾಡಿಸಲು, ತುರ್ತು ಸಾಮಗ್ರಿ ಕೊಳ್ಳಲು ಸ್ವಲ್ಪ ಹಣ ಇರುತ್ತದೆ. ಕಂಪ್ರೆಸರ್ ರಿಪೇರಿ, ಹ್ಯಾಂಡ್‌ಪೀಸ್, ಸಿಮೆಂಟ್ ಇವೆಲ್ಲ ಈ ಮಟ್ಟದಲ್ಲೇ ಮುಗಿಯಬಹುದಾದ ಕೆಲಸ. ಸಮಿತಿಯ ಮುಂದಿನ ಸಭೆ ಯಾವಾಗ ಅಂತ ತಿಳಿದುಕೊಂಡು, ಅದಕ್ಕೂ ಮೊದಲೇ ನಿಮ್ಮ ವಿಷಯ ಅಜೆಂಡಾದಲ್ಲಿ ಸೇರುವಂತೆ ಪತ್ರ ಕೊಡಿ. ಸಭೆ ದಿನ ಹೋಗಿ ಕೈ ಎತ್ತಿದರೆ ‘ಇತರೆ ವಿಷಯ’ದಲ್ಲಿ ಬರೆದುಕೊಂಡು ಮರೆಯುತ್ತಾರೆ.

ಅದಕ್ಕಿಂತ ದೊಡ್ಡದು, ಅಂದರೆ ಹೊಸ ಕುರ್ಚಿ, ಎಕ್ಸ್‌ರೇ, ಸಹಾಯಕ ಹುದ್ದೆ, ಇವು ಜಿಲ್ಲಾ ಆರೋಗ್ಯಾಧಿಕಾರಿ ಮಟ್ಟದ ವಿಷಯ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣಕ್ಕೆ ಪ್ರತಿ ಜಿಲ್ಲೆ ತನ್ನ ಕ್ರಿಯಾಯೋಜನೆ ಕಳಿಸುತ್ತದೆ. ಅದನ್ನೆಲ್ಲ ಸೇರಿಸಿ ರಾಜ್ಯ ಪಿಐಪಿ ಎಂಬ ಪ್ರಸ್ತಾವ ಮಾಡಿ ದೆಹಲಿಗೆ ಕೊಡುತ್ತದೆ. ಹಿಂದೆ ವರ್ಷಕ್ಕೊಂದು ಇತ್ತು, 2022ರಿಂದ ಎರಡು ವರ್ಷಕ್ಕೆ ಒಟ್ಟಿಗೆ ಮಾಡತೊಡಗಿದರು. ಜಿಲ್ಲೆಯ ಪ್ರಸ್ತಾವದಲ್ಲಿ ನಿಮ್ಮ ತಾಲ್ಲೂಕಿನ ದಂತ ವಿಭಾಗದ ಹೆಸರಿನಲ್ಲಿ ಒಂದು ಸಾಲು ಇಲ್ಲದಿದ್ದರೆ, ಮೇಲಿನವರು ಎಷ್ಟೇ ಒಳ್ಳೆಯವರಾದರೂ ದುಡ್ಡು ಬರುವ ದಾರಿಯೇ ಇಲ್ಲ. ರಾಜ್ಯ ಬಜೆಟ್ ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ. ಅದರ ಅಡುಗೆ ಅಕ್ಟೋಬರ್, ನವೆಂಬರ್‌ನಿಂದಲೇ ಶುರುವಾಗಿರುತ್ತದೆ. ಏಪ್ರಿಲ್‌ನಲ್ಲಿ ಮನವಿ ಕೊಟ್ಟವರು ಊಟ ಮುಗಿದ ಮೇಲೆ ಎಲೆ ಹಾಕಿಸಿಕೊಂಡಂತೆ. ಹಾಗಾಗಿ ಆರ್‌ಟಿಐ ಅನ್ನು ಮಳೆಗಾಲದಲ್ಲಿ ಹಾಕಿ, ದಸರಾ ಹೊತ್ತಿಗೆ ಅಂಕಿ ಕೈಯಲ್ಲಿರಲಿ.

ಒತ್ತಡ ಹಾಕಲು ತಾಲ್ಲೂಕು ಮಟ್ಟದಲ್ಲಿ ಒಳ್ಳೆಯ ಜಾಗ ಕೆಡಿಪಿ ಸಭೆ. ಶಾಸಕರ ಅಧ್ಯಕ್ಷತೆಯಲ್ಲಿ ನಡೆಯುತ್ತದೆ, ಎಲ್ಲ ಇಲಾಖೆ ಅಧಿಕಾರಿಗಳೂ ಪ್ರಗತಿ ವರದಿ ಹಿಡಿದು ಬಂದಿರುತ್ತಾರೆ, ಪತ್ರಕರ್ತರೂ ಇರುತ್ತಾರೆ. ಆರೋಗ್ಯ ಇಲಾಖೆ ಸರದಿ ಬಂದಾಗ ಹೆರಿಗೆ, ಡೆಂಗಿ, ಆಂಬುಲೆನ್ಸ್ ಇಷ್ಟೇ ಮಾತು. ಯಾರೂ ಹಲ್ಲಿನ ಬಗ್ಗೆ ಕೇಳುವುದಿಲ್ಲ. ಒಬ್ಬ ಸದಸ್ಯರ ಕೈಗೆ ನಿಮ್ಮ ಎರಡು ಅಂಕಿ ಬರೆದ ಚೀಟಿ ಕೊಡಿ, ಸಾಕು. ಇನ್ನೊಂದು ದಾರಿ ಸದನದ ಪ್ರಶ್ನೆ. ಚುಕ್ಕೆ ಗುರುತಿಲ್ಲದ ಪ್ರಶ್ನೆ ಹಾಕಿಸಿದರೂ ಸಚಿವರು ಲಿಖಿತ ಉತ್ತರ ಕೊಡಬೇಕು, ಆ ಉತ್ತರಕ್ಕಾಗಿ ಇಡೀ ಇಲಾಖೆ ಜಿಲ್ಲೆ ಜಿಲ್ಲೆಯಿಂದ ಮಾಹಿತಿ ತರಿಸುತ್ತದೆ. ನೀವು ಮೇಷ್ಟ್ರು, ಶಿಕ್ಷಕರ ಕ್ಷೇತ್ರದ ವಿಧಾನ ಪರಿಷತ್ ಸದಸ್ಯರ ಪರಿಚಯ ನಿಮ್ಮ ಸಂಘದಲ್ಲಿ ಯಾರಿಗಾದರೂ ಇದ್ದೇ ಇರುತ್ತದೆ. ಆ ಪರಿಚಯವನ್ನು ವರ್ಗಾವಣೆಗೆ ಮಾತ್ರ ಬಳಸಬೇಕು ಅಂತೇನೂ ಇಲ್ಲ!

ಮನವಿ ಒಂದೇ ಪುಟ ಇರಲಿ. ಸುಮಾರಾಗಿ ಹೀಗೆ ಬರೆಯಬಹುದು:

‘ನಮ್ಮ ತಾಲ್ಲೂಕು ಆಸ್ಪತ್ರೆಯೇ ಕೊಟ್ಟ ಮಾಹಿತಿಯಂತೆ ಕಳೆದ ಮೂರು ವರ್ಷದಲ್ಲಿ ದಂತ ವಿಭಾಗದಲ್ಲಿ ಇಷ್ಟು ಹಲ್ಲು ಕಿತ್ತಿದ್ದು, ಇಷ್ಟು ಹಲ್ಲನ್ನು ಮಾತ್ರ ತುಂಬಲಾಗಿದೆ. ಇಷ್ಟು ದಿನ ಕುರ್ಚಿ ಕೆಟ್ಟಿತ್ತು. ದಂತ ಸಾಮಗ್ರಿಯ ಇಂಡೆಂಟ್‌ನಲ್ಲಿ ಇಂತಿಂಥವು ಸರಬರಾಜು ಆಗಿಲ್ಲ. ಆದ್ದರಿಂದ ಕುರ್ಚಿ ಮತ್ತು ಕಂಪ್ರೆಸರ್‌ಗೆ ವಾರ್ಷಿಕ ನಿರ್ವಹಣೆ ಒಪ್ಪಂದ ಮಾಡಿಸಬೇಕು. ಹಲ್ಲು ತುಂಬುವ ಸಾಮಗ್ರಿಗೆ ಪ್ರತಿ ವರ್ಷ ಪ್ರತ್ಯೇಕ ಹಣ ಇಡಬೇಕು. ಒಬ್ಬ ದಂತ ಸಹಾಯಕರನ್ನು ಕೊಡಬೇಕು. ವಾರದಲ್ಲಿ ಕನಿಷ್ಠ ನಾಲ್ಕು ದಿನ ದಂತ ಆರೋಗ್ಯಾಧಿಕಾರಿಗೆ ಬೇರೆ ಕೆಲಸ ಹಚ್ಚಬಾರದು. ಕಿತ್ತ ಹಲ್ಲು, ತುಂಬಿದ ಹಲ್ಲಿನ ಲೆಕ್ಕವನ್ನು ಪ್ರತಿ ತಿಂಗಳು ಆಸ್ಪತ್ರೆಯ ಫಲಕದಲ್ಲಿ ಹಾಕಬೇಕು.’

ಇಷ್ಟೇ. ಕೊನೆಯ ಸಾಲು ಸಣ್ಣದಾಗಿ ಕಾಣುತ್ತದೆ, ಆದರೆ ಅದೇ ನನಗೆ ಇಷ್ಟ. ಅದಕ್ಕೆ ದುಡ್ಡು ಬೇಡ, ಒಂದು ಕಪ್ಪು ಹಲಗೆ, ಸೀಮೆಸುಣ್ಣ ಸಾಕು. ಫಲಕದ ಮೇಲೆ ಬರುತ್ತದೆ ಅಂದ ಕೂಡಲೇ ಆಡಳಿತ ವೈದ್ಯಾಧಿಕಾರಿಯೇ ಸಾಮಗ್ರಿಗಾಗಿ ಫೋನ್ ಮಾಡಲು ಶುರು ಮಾಡುತ್ತಾರೆ. ಸಂಚಾರಿ ದಂತ ವಾಹನ ಕೊಡಿ ಅಂತ ಯಾರಾದರೂ ಸೇರಿಸಲು ಬಂದರೆ ನಯವಾಗಿ ಬೇಡ ಅನ್ನಿ. ಡ್ರೈವರ್, ಡೀಸೆಲ್, ಡಾಕ್ಟರ್ ಮೂರೂ ಒಂದೇ ದಿನ ಕೂಡಿಬಂದರೆ ಮಾತ್ರ ಅದು ಹೊರಡುವುದು.

ಕರೆಂಟ್, ಕಂಪ್ರೆಸರ್ ಅಂತ ಕಾಯುತ್ತಾ ಕೂರಬೇಕಾಗಿಲ್ಲದ ದಾರಿಯೂ ಒಂದಿದೆ, ಅದರಲ್ಲೂ ಮಕ್ಕಳಿಗೆ. 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ಒಂದು ವಿಧಾನ ರೂಪುಗೊಂಡಿತು. ಎಆರ್‌ಟಿ ಅನ್ನುತ್ತಾರೆ. ಮೆಷಿನ್ನಿಂದ ಕೊರೆಯುವುದಿಲ್ಲ. ಮೆತ್ತಗಾದ ಹುಳುಕನ್ನು ಕೈ ಉಪಕರಣದಿಂದ ಕೆರೆದು ತೆಗೆದು, ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟ್ ತುಂಬುತ್ತಾರೆ. ಹೆಚ್ಚಿನ ಮಕ್ಕಳಿಗೆ ಇಂಜೆಕ್ಷನ್ನೂ ಬೇಡ, ಶಾಲೆಯ ಬೆಂಚಿನ ಮೇಲೆ ಮಲಗಿಸಿಯೇ ಮಾಡಬಹುದು. ಇನ್ನೊಂದು, ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ. ಹುಳುಕಿನ ಮೇಲೆ ಹಚ್ಚಿದರೆ ಬಹಳ ಹಲ್ಲುಗಳಲ್ಲಿ ಅದು ಮುಂದೆ ಹಬ್ಬುವುದು ನಿಲ್ಲುತ್ತದೆ. ಹಚ್ಚಿದ ಜಾಗ ಕಪ್ಪಾಗುತ್ತದೆ, ಅದನ್ನು ತಂದೆ ತಾಯಿಗೆ ಮೊದಲೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಸಿಮೆಂಟ್, ಈ ದ್ರವ, ಫ್ಲೋರೈಡ್ ಟೂತ್‌ಪೇಸ್ಟ್ ಮೂರನ್ನೂ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬಾಲ ಸ್ವಾಸ್ಥ್ಯ ತಂಡ ಹುಳುಕು ಹಲ್ಲಿನ ಮಕ್ಕಳ ಪಟ್ಟಿ ಮಾಡಿದ ಮೇಲೆ ತಾಲ್ಲೂಕು ದಂತ ಆರೋಗ್ಯಾಧಿಕಾರಿ ತಿಂಗಳಿಗೆ ಎರಡು ದಿನ ಶಾಲೆಗೇ ಬಂದು ಈ ಕೆಲಸ ಮಾಡಲಿ ಅಂತ ನೀವು ಕೇಳಬಹುದು. ಶಿಬಿರ ಬೇಡ ಅಂದವನು ಇದನ್ನು ಹೇಗೆ ಹೇಳುತ್ತಾನೆ ಅನ್ನಬೇಡಿ. ಇದರಲ್ಲಿ ಹಲ್ಲಿಗೆ ಚಿಕಿತ್ಸೆ ಅಲ್ಲೇ ಮುಗಿಯುತ್ತದೆ, ಚೀಟಿ ಕೊಟ್ಟು ಕಳಿಸುವುದಿಲ್ಲ.

ನಿಮ್ಮದು ಬಯಲುಸೀಮೆ ಅಂದಿರಿ. ಹಾಗಾದರೆ ನೀರಿನ ಮಾತೂ ಆಡಲೇಬೇಕು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಕಾಣುವುದು ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಇದನ್ನು ಯಾವ ದಂತ ವೈದ್ಯರೂ ಕುರ್ಚಿಯಲ್ಲಿ ಕೂರಿಸಿ ಸರಿ ಮಾಡಲಾರರು, ಮಾಡಿದರೂ ಮೇಲೆ ಬಣ್ಣ ಹಚ್ಚಿದಂತೆ ಅಷ್ಟೇ. ಇದು ಗ್ರಾಮಸಭೆಯಲ್ಲಿ, ಪಂಚಾಯಿತಿಯಲ್ಲಿ ಎತ್ತಬೇಕಾದ ವಿಷಯ. ಪ್ರತಿ ಕೊಳವೆಬಾವಿಯ ಪರೀಕ್ಷೆ ವರದಿ ಕೇಳಿ, ಶುದ್ಧ ನೀರಿನ ಘಟಕ ನಡೆಯುತ್ತಿದೆಯೇ ನೋಡಿ. ಹಲ್ಲಿನ ಮನವಿ ಜೊತೆ ಇದನ್ನು ಬೆರೆಸಬೇಡಿ, ಎರಡು ಇಲಾಖೆಯ ವಿಷಯ ಒಂದೇ ಕಾಗದದಲ್ಲಿದ್ದರೆ ಇಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಮತ್ತೆ, ನೀರಲ್ಲಿ ಫ್ಲೋರೈಡ್ ಇದೆ ಅಂತ ಫ್ಲೋರೈಡ್ ಪೇಸ್ಟನ್ನೇ ಬಿಡುವವರಿದ್ದಾರೆ. ದೊಡ್ಡವರು ಉಜ್ಜಿ ಉಗುಳುವುದರಿಂದ ತೊಂದರೆ ಇಲ್ಲ. ಚಿಕ್ಕ ಮಕ್ಕಳು ನುಂಗದಂತೆ ಅಕ್ಕಿಕಾಳಿನಷ್ಟು ಹಾಕಿಕೊಡಿ. 2025ರ ಸೆಪ್ಟೆಂಬರ್‌ನಲ್ಲಿ ಟೂತ್‌ಪೇಸ್ಟ್ ಮೇಲಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿಯಿತು. ಒಳ್ಳೆಯದೇ, ಆದರೆ ಫ್ಲೋರೈಡ್ ಇರುವ ಪೇಸ್ಟಿಗೂ ಇಲ್ಲದ ಪೇಸ್ಟಿಗೂ ಒಂದೇ ದರ ಇಟ್ಟರು. ಅಲ್ಲೊಂದು ಅವಕಾಶ ಕೈಬಿಟ್ಟರು ಅಂತ ನನಗನ್ನಿಸುತ್ತದೆ.

ಪ್ರೈವೇಟ್ ಕ್ಲಿನಿಕ್‌ನವರು ನಿಮಗೆ ಎದುರಾಗಬಹುದೇ ಅನ್ನುವ ಅಳುಕು ಇದ್ದರೆ ಬಿಡಿ. ಸರ್ಕಾರಿ ಆಸ್ಪತ್ರೆಗೆ ಬರುವ ಕೂಲಿಕಾರರು ಅವರ ಗಿರಾಕಿಗಳೇ ಅಲ್ಲ. ಇನ್ನು ಡೆಂಟಲ್ ಕಾಲೇಜುಗಳು. ನಮ್ಮ ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ಇವೆ, ದೇಶದಲ್ಲಿ 300ಕ್ಕೂ ಹೆಚ್ಚು. ಡಾಕ್ಟರುಗಳಿಗೆ ಬರ ಇಲ್ಲ, ಬಿಡಿಎಸ್ ಮುಗಿಸಿ ಬೇರೆ ಕೆಲಸ ಹುಡುಕುವವರೇ ಇದ್ದಾರೆ. ಹತ್ತಿರದ ಕಾಲೇಜಿನ ಸಾರ್ವಜನಿಕ ಆರೋಗ್ಯ ದಂತ ವಿಭಾಗಕ್ಕೆ ಪತ್ರ ಬರೆಯಿರಿ. ಅವರ ಹೌಸ್‌ಸರ್ಜನ್‌ಗಳಿಗೆ, ಅಂದರೆ ಓದು ಮುಗಿಸಿ ತರಬೇತಿಯಲ್ಲಿರುವ ಹೊಸ ಡಾಕ್ಟರುಗಳಿಗೆ, ಹೇಗೂ ಸಮುದಾಯದ ಪೋಸ್ಟಿಂಗ್ ಇದೆ. ಬಸ್ಸಲ್ಲಿ ಬಂದು ಹೋಗುವ ಬದಲು ವಾರಕ್ಕೆರಡು ನಿಗದಿತ ದಿನ ನಿಮ್ಮ ತಾಲ್ಲೂಕು ಆಸ್ಪತ್ರೆಯ ಕುರ್ಚಿಯಲ್ಲೇ ಕೆಲಸ ಮಾಡಲಿ ಅಂತ ಜಿಲ್ಲಾ ಆರೋಗ್ಯಾಧಿಕಾರಿ ಮೂಲಕ ಒಪ್ಪಂದ ಮಾಡಿಸಬಹುದು. ಕುರ್ಚಿ ನಡೆಯುತ್ತಿರಬೇಕು ಅಷ್ಟೇ. ಮತ್ತೆ ಬಂದು ನಿಂತದ್ದು ಕಂಪ್ರೆಸರ್ ಹತ್ತಿರವೇ, ನೋಡಿ.

ಹಲ್ಲಿನ ಸೆಟ್ ವಿಷಯ ನಿಜ. ‘ದಂತ ಭಾಗ್ಯ’ ಅಂತ 2014ರ ಹೊತ್ತಿಗೆ ರಾಜ್ಯ ಸರ್ಕಾರ ಶುರು ಮಾಡಿದ ಯೋಜನೆ. ಹಲ್ಲು ಕಳೆದುಕೊಂಡ ಬಿಪಿಎಲ್ ಹಿರಿಯರಿಗೆ ಡೆಂಟಲ್ ಕಾಲೇಜುಗಳ ಮೂಲಕ ಉಚಿತವಾಗಿ ಸೆಟ್ ಮಾಡಿಸಿಕೊಡುವುದು. ಬಿಪಿಎಲ್ ಕಾರ್ಡು, ಆಧಾರ್ ಹಿಡಿದು ಜಿಲ್ಲಾಸ್ಪತ್ರೆಯ ದಂತ ವಿಭಾಗಕ್ಕೆ ಹೋಗಿ, ಈಗ ಯಾವ ಕಾಲೇಜಿಗೆ ಕಳಿಸುತ್ತಿದ್ದಾರೆ, ವಯಸ್ಸಿನ ಮಿತಿ ಎಷ್ಟು ಅಂತ ವಿಚಾರಿಸಿ ರೆಫರಲ್ ಬರೆಸಿಕೊಳ್ಳಿ. ಹೋಗುವ ಮೊದಲು ಒಂದು ಲೆಕ್ಕ ಹಾಕಿ. ಸೆಟ್ ಪುಕ್ಕಟೆ, ನಾಲ್ಕೈದು ಸಲದ ಬಸ್ ಓಡಾಟ ಪುಕ್ಕಟೆ ಅಲ್ಲ, ಜೊತೆಗೆ ಬರುವವರ ಕೂಲಿಯೂ ಹೋಗುತ್ತದೆ. ಊರಿನ ನಾಲ್ಕೈದು ಹಿರಿಯರು ಒಂದೇ ದಿನ ಅಳತೆ ಕೊಡುವಂತೆ ಕಾಲೇಜಿನವರ ಹತ್ತಿರ ಮಾತಾಡಿ ದಿನ ಗೊತ್ತು ಮಾಡಿಕೊಂಡರೆ ಒಂದೇ ಗಾಡಿಯಲ್ಲಿ ಹೋಗಿ ಬರಬಹುದು. ಕೀಳಬೇಕಾದ ಬೇರುಗಳು ಬಾಯಲ್ಲಿ ಉಳಿದಿದ್ದರೆ ಅವನ್ನು ಮೊದಲೇ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆಸಿ, ಒಸಡು ಮಾಗಲು ಕೆಲವು ವಾರ ಬಿಡಿ. ಆ ಕೆಲಸ ಮಾತ್ರ ಅಲ್ಲಿ ಈಗಲೂ ಚೆನ್ನಾಗಿಯೇ ಆಗುತ್ತದೆ.